ಸಂಬಳದ ಜೊತೆಗೆ ಪದವಿ: ಇಂಗ್ಲೆಂಡಿನ ಸಮಾಜಕಾರ್ಯ ಅಪ್ರೆಂಟಿಸ್‌ಶಿಪ್ ನಿಂತಿರುವುದು ಯಾವುದರ ಮೇಲೆ?

ಇಂಗ್ಲೆಂಡಿನಲ್ಲಿ ಯಾರು ಬೇಕಾದರೂ ತಮ್ಮನ್ನು ‘ಸೋಷಿಯಲ್ ವರ್ಕರ್’ ಎಂದು ಕರೆದುಕೊಳ್ಳುವಂತಿಲ್ಲ. 2005ರ ಏಪ್ರಿಲ್‌ನಿಂದ ಆ ಹೆಸರಿಗೆ ಕಾನೂನಿನ ರಕ್ಷಣೆಯಿದೆ. ಮಾನ್ಯತೆ ಪಡೆದ ಶಿಕ್ಷಣವನ್ನು ಮುಗಿಸಿ, ವೃತ್ತಿ ನಿಯಂತ್ರಣ ಸಂಸ್ಥೆಯ ದಾಖಲೆಯಲ್ಲಿ ಹೆಸರು ನೋಂದಾಯಿಸಿಕೊಂಡವರು ಮಾತ್ರ ಅದನ್ನು ಬಳಸಬಹುದು. 2019ರ ಡಿಸೆಂಬರ್ 2ರಿಂದ ಈ ನೋಂದಣಿಯ ಹೊಣೆ ‘ಸೋಷಿಯಲ್ ವರ್ಕ್ ಇಂಗ್ಲೆಂಡ್’ ಎಂಬ ಸಂಸ್ಥೆಯದು. ಸ್ಕಾಟ್ಲೆಂಡ್, ವೇಲ್ಸ್ ಮತ್ತು ಉತ್ತರ ಐರ್ಲೆಂಡ್‌ಗಳಿಗೆ ಪ್ರತ್ಯೇಕ ಸಂಸ್ಥೆಗಳಿವೆ. ಈ ನೋಂದಣಿಗೆ ಅರ್ಹತೆ ಪಡೆಯಲು ಬಹುಕಾಲ ಇದ್ದ ರಾಜಮಾರ್ಗವೆಂದರೆ ವಿಶ್ವವಿದ್ಯಾಲಯದಲ್ಲಿ ಮೂರು ವರ್ಷದ ಪದವಿ, ಇಲ್ಲವೇ ಬೇರೆ ವಿಷಯದ ಪದವಿಯ ನಂತರ ಎರಡು ವರ್ಷದ ಸ್ನಾತಕೋತ್ತರ ಶಿಕ್ಷಣ. ಶುಲ್ಕ ಕಟ್ಟಬೇಕು, ಹೆಚ್ಚಿನವರು ಅದಕ್ಕಾಗಿ ಸಾಲ ಮಾಡಬೇಕು, ಕ್ಷೇತ್ರಕಾರ್ಯವನ್ನು ಸಂಬಳವಿಲ್ಲದೆ ಮಾಡಬೇಕು.

ಈ ಮಾರ್ಗದ ಪಕ್ಕದಲ್ಲಿ 2018ರ ಕೊನೆಗೆ ಇನ್ನೊಂದು ಬಾಗಿಲು ತೆರೆಯಿತು. ಅದೇ ಸಮಾಜಕಾರ್ಯದ ಪದವಿ ಅಪ್ರೆಂಟಿಸ್‌ಶಿಪ್. ಇದರಲ್ಲಿ ಅಭ್ಯರ್ಥಿ ಮೊದಲ ದಿನದಿಂದಲೇ ನೌಕರನಾಗಿರುತ್ತಾನೆ. ಕೌನ್ಸಿಲ್ ಎಂದು ಅಲ್ಲಿ ಕರೆಯುವ ಸ್ಥಳೀಯ ಆಡಳಿತ ಸಂಸ್ಥೆಯೋ, ಕೆಲವೆಡೆ ಆಸ್ಪತ್ರೆಗಳನ್ನು ನಡೆಸುವ ಎನ್‌ಎಚ್‌ಎಸ್ ಟ್ರಸ್ಟೋ ಅವನನ್ನು ಆಯ್ಕೆ ಮಾಡಿಕೊಂಡು, ಸಂಬಳ ಕೊಡುತ್ತಾ, ವಿಶ್ವವಿದ್ಯಾಲಯವೊಂದರಲ್ಲಿ ಓದಿಸುತ್ತದೆ. ಸಾಮಾನ್ಯವಾಗಿ 36 ತಿಂಗಳು ಹಿಡಿಯುವ ಈ ತರಬೇತಿಯ ಕೊನೆಗೆ ಸಿಗುವುದು ಬೇರೆ ವಿದ್ಯಾರ್ಥಿಗಳಿಗೆ ಸಿಗುವಂಥದೇ ಆನರ್ಸ್ ಪದವಿ. ಹೆಸರು ಸೇರುವುದೂ ಅದೇ ನೋಂದಣಿಗೆ. ಕಡಿಮೆ ದರ್ಜೆಯ ಪರವಾನಗಿ ಎಂಬುದು ಇಲ್ಲಿಲ್ಲ. ವ್ಯವಸ್ಥೆ ಸರಿಯಾದ ಜನರಿಗೆ ಬಾಗಿಲು ತೆರೆದಿದೆ ಎಂಬುದರಲ್ಲಿ ನನಗೆ ಅನುಮಾನವಿಲ್ಲ. ಆದರೆ ಅದರ ಗುಣಮಟ್ಟ ಕೊನೆಗೆ ನಿರ್ಧಾರವಾಗುವುದು ಪಠ್ಯಕ್ರಮದಲ್ಲಿ ಅಲ್ಲ, ತಂಡದ ಮ್ಯಾನೇಜರ್ ಹಾಕುವ ವಾರದ ಡ್ಯೂಟಿ ಪಟ್ಟಿಯಲ್ಲಿ ಎಂಬ ಸಂಗತಿ ಈ ಯೋಜನೆಯ ಬಗೆಗಿನ ಉತ್ಸಾಹದ ಮಾತುಗಳಲ್ಲಿ ಸಾಕಷ್ಟು ಕೇಳಿಬರುತ್ತಿಲ್ಲ.

ಮೊದಲು ಹಣದ ಲೆಕ್ಕ ನೋಡೋಣ, ಏಕೆಂದರೆ ಈ ಯೋಜನೆಗೆ ಜೀವ ಬಂದದ್ದೇ ಅಲ್ಲಿಂದ. 2017ರ ಏಪ್ರಿಲ್‌ನಲ್ಲಿ ಬ್ರಿಟನ್ ‘ಅಪ್ರೆಂಟಿಸ್‌ಶಿಪ್ ಲೆವಿ’ ಎಂಬ ತೆರಿಗೆಯನ್ನು ಜಾರಿಗೆ ತಂದಿತು. ವರ್ಷದ ಸಂಬಳದ ಬಿಲ್ಲು 30 ಲಕ್ಷ ಪೌಂಡ್ ಮೀರುವ ಪ್ರತಿಯೊಂದು ಸಂಸ್ಥೆಯೂ, ಅದು ಖಾಸಗಿಯಿರಲಿ ಸರ್ಕಾರಿಯಿರಲಿ, ಆ ಬಿಲ್ಲಿನ ಶೇ 0.5ರಷ್ಟನ್ನು 15,000 ಪೌಂಡ್ ರಿಯಾಯಿತಿ ಕಳೆದು ಕಟ್ಟಬೇಕು. ವರ್ಷಕ್ಕೆ 20 ಕೋಟಿ ಪೌಂಡ್ ಸಂಬಳ ಕೊಡುವ ಒಂದು ಕೌನ್ಸಿಲ್ ಎಂದಿಟ್ಟುಕೊಳ್ಳಿ. ಅದರ ಪಾಲಿಗೆ ಬರುವ ಲೆವಿ 9,85,000 ಪೌಂಡ್. ಇಂಗ್ಲೆಂಡಿನಲ್ಲಿ ಈ ಹಣ ಸಂಸ್ಥೆಯ ಹೆಸರಿನ ಆನ್‌ಲೈನ್ ಖಾತೆಯಲ್ಲಿ ಕೂರುತ್ತದೆ, ಅದನ್ನು ಅನುಮೋದಿತ ತರಬೇತಿಗೆ ಮಾತ್ರ ಖರ್ಚು ಮಾಡಬಹುದು, ಗಡುವಿನೊಳಗೆ ಖರ್ಚಾಗದಿದ್ದರೆ ಕೈಬಿಟ್ಟುಹೋಗುತ್ತದೆ. ವರ್ಷ ವರ್ಷವೂ ಬಜೆಟ್ ಕಡಿತ ಅನುಭವಿಸುತ್ತಿದ್ದ ಕೌನ್ಸಿಲ್‌ಗಳಿಗೆ ತಾವೇ ಕಟ್ಟಿದ ತೆರಿಗೆ ಕಣ್ಣೆದುರೇ ಕರಗುವುದನ್ನು ನೋಡುತ್ತಾ ಕೂರುವುದು ಸಾಧ್ಯವಿರಲಿಲ್ಲ. ಅದೇ ಹೊತ್ತಿಗೆ ಅವುಗಳ ಅತಿ ದೊಡ್ಡ ತಲೆನೋವು ಸಮಾಜ ಕಾರ್ಯಕರ್ತರ ಕೊರತೆಯಾಗಿತ್ತು. ಎರಡೂ ಕೂಡಿಬಂದವು.

ಆದರೆ ಲೆವಿಯಿಂದ ಕಟ್ಟಬಹುದಾದದ್ದು ತರಬೇತಿ ಮತ್ತು ಮೌಲ್ಯಮಾಪನದ ವೆಚ್ಚ ಮಾತ್ರ. ಅಪ್ರೆಂಟಿಸ್‌ನ ಸಂಬಳವನ್ನು ಅದರಿಂದ ಕೊಡುವಂತಿಲ್ಲ. ಆತ ತರಗತಿಗೆ ಹೋದ ದಿನ ಅವನ ಕೆಲಸ ಮಾಡಲು ಇನ್ನೊಬ್ಬರನ್ನು ನೇಮಿಸುವ ಖರ್ಚಿಗೂ ಅದು ಒದಗುವುದಿಲ್ಲ. ಪ್ಲೇಸ್‌ಮೆಂಟ್, ಅಂದರೆ ಕ್ಷೇತ್ರಕಾರ್ಯದ ಅವಧಿಯಲ್ಲಿ ಮೇಲ್ವಿಚಾರಣೆ ಮಾಡುವ ಹಿರಿಯ ಸಹೋದ್ಯೋಗಿಯ ಸಮಯಕ್ಕೂ ಇಲ್ಲ. ಹೀಗಾಗಿ ಕಾಗದದ ಮೇಲೆ ಕೌನ್ಸಿಲ್‌ಗೆ ಬಹುತೇಕ ಉಚಿತವಾಗಿ ಕಾಣುವ ಈ ತರಬೇತಿಯ ನಿಜವಾದ ಬೆಲೆಯನ್ನು ತಂಡದ ಉಳಿದವರು ತಮ್ಮ ಕೆಲಸದ ಹೊರೆಯ ರೂಪದಲ್ಲಿ ತೆರುತ್ತಾರೆ. ವಿಶ್ವವಿದ್ಯಾಲಯಗಳಿಗೂ ಇದು ಲಾಭದ ವ್ಯಾಪಾರವೇನಲ್ಲ. ಅನುಮೋದನೆಯ ಹೊತ್ತಿಗೆ ಈ ಅಪ್ರೆಂಟಿಸ್‌ಶಿಪ್‌ಗೆ ನಿಗದಿಯಾದ ಗರಿಷ್ಠ ಅನುದಾನ 23,000 ಪೌಂಡ್. ಅದೇ ಕಾಲದಲ್ಲಿ ವರ್ಷಕ್ಕೆ 9,250 ಪೌಂಡ್‌ನಂತೆ ಮೂರು ವರ್ಷ ಶುಲ್ಕ ಕಟ್ಟುವ ಸಾಮಾನ್ಯ ವಿದ್ಯಾರ್ಥಿಯಿಂದ ವಿಶ್ವವಿದ್ಯಾಲಯಕ್ಕೆ ಬರುತ್ತಿದ್ದುದು 27,750 ಪೌಂಡ್. ಅಪ್ರೆಂಟಿಸ್‌ಗಾದರೋ ಮೂರು ತಿಂಗಳಿಗೊಮ್ಮೆ ಉದ್ಯೋಗದಾತನ ಜೊತೆ ಕೂತು ಪ್ರಗತಿ ಪರಿಶೀಲಿಸಬೇಕು, ಗಂಟೆ ಗಂಟೆಯ ಕಲಿಕೆಯ ದಾಖಲೆಯಿಡಬೇಕು, ಸರ್ಕಾರಿ ತಪಾಸಣೆಗೆ ಸಿದ್ಧವಿರಬೇಕು. ಕೆಲಸ ಹೆಚ್ಚು, ಹಣ ಕಡಿಮೆ.

ಹಾಗಿದ್ದರೂ ಯೋಜನೆ ಬೇರೂರಿತು. ಅದಕ್ಕೆ ಕಾರಣ ಇದರ ಮೂಲಕ ಬಂದ ಜನ. ಇಂಗ್ಲೆಂಡಿನ ಯಾವುದೇ ಕೌನ್ಸಿಲ್‌ನ ಮಕ್ಕಳ ವಿಭಾಗಕ್ಕೆ ಹೋದರೂ ಅಲ್ಲಿ ನೋಂದಾಯಿತ ಸಮಾಜ ಕಾರ್ಯಕರ್ತರ ಜೊತೆಗೆ ಪದವಿಯಿಲ್ಲದ ಒಂದು ದೊಡ್ಡ ಪಡೆಯೇ ಕಾಣಿಸುತ್ತದೆ. ಕುಟುಂಬಗಳಿಗೆ ನೆರವಾಗುವ ಫ್ಯಾಮಿಲಿ ಸಪೋರ್ಟ್ ವರ್ಕರ್‌ಗಳು, ಪೋಷಕರಿಂದ ಬೇರ್ಪಟ್ಟ ಮಕ್ಕಳನ್ನು ಭೇಟಿಗೆ ಕರೆದೊಯ್ದು ಪಕ್ಕದಲ್ಲೇ ಕೂತು ಟಿಪ್ಪಣಿ ಬರೆಯುವವರು, ವೃದ್ಧರ ವಿಭಾಗದಲ್ಲಿ ಸರಳ ಅಗತ್ಯಗಳ ಮೌಲ್ಯಮಾಪನ ಮಾಡುವ ಸಹಾಯಕರು. ಇವರಲ್ಲಿ ಬಹುಪಾಲು ಮಹಿಳೆಯರು, ಹಲವರು ಮೂವತ್ತು ನಲವತ್ತು ದಾಟಿದವರು, ಮನೆಸಾಲವೋ ಮಕ್ಕಳೋ ಇರುವವರು. ಹತ್ತು ವರ್ಷ ಕೆಲಸ ಮಾಡಿದ ಊರಿನ ಯಾವ ಬೀದಿಯಲ್ಲಿ ಯಾವ ತೊಂದರೆ ಎಂಬುದು ಇವರಿಗೆ ಗೊತ್ತು. ಹೊಸದಾಗಿ ಪದವಿ ಮುಗಿಸಿ ಬಂದ ಇಪ್ಪತ್ತೆರಡರ ಸಮಾಜ ಕಾರ್ಯಕರ್ತೆಗೆ ದಾರಿ ತೋರಿಸುವವರೂ ಎಷ್ಟೋ ಸಲ ಇವರೇ. ಆದರೆ ಮೂರು ವರ್ಷ ಸಂಬಳ ಬಿಟ್ಟು ಓದಲು ಕೂರುವುದು ಇವರಿಗೆ ಆಗದ ಮಾತು. ಸಮಾಜಕಾರ್ಯದ ಪದವಿ ವಿದ್ಯಾರ್ಥಿಗಳಿಗೆಂದು ಇರುವ ವಿಶೇಷ ಧನಸಹಾಯ ಎರಡನೇ ಮತ್ತು ಮೂರನೇ ವರ್ಷದವರಿಗಷ್ಟೇ, ಅದೂ ಸೀಮಿತ ಸಂಖ್ಯೆಯಲ್ಲಿ ಸಿಗುತ್ತದೆ. ಇಂಥವರಿಗೆ ಪದವಿ ಅಪ್ರೆಂಟಿಸ್‌ಶಿಪ್ ಹತ್ತು ವರ್ಷ ತಡವಾಗಿ ಬಂದ ಬಡ್ತಿಯಿದ್ದಂತೆ.

ಸಂಬಳದ ವಿಷಯದಲ್ಲಿ ಒಂದು ಎಚ್ಚರ ಅಗತ್ಯ. ಬ್ರಿಟನ್ನಿನಲ್ಲಿ ಅಪ್ರೆಂಟಿಸ್‌ಗಳಿಗೆ ಪ್ರತ್ಯೇಕ ಕನಿಷ್ಠ ವೇತನವಿದೆ. 2025ರ ಏಪ್ರಿಲ್‌ನಿಂದ ಅದು ಗಂಟೆಗೆ 7.55 ಪೌಂಡ್ ಆಯಿತು, 21 ದಾಟಿದ ಸಾಮಾನ್ಯ ಕೆಲಸಗಾರರದ್ದು 12.21 ಪೌಂಡ್. ಮೊದಲ ವರ್ಷದಲ್ಲಿ ವಯಸ್ಕ ಅಪ್ರೆಂಟಿಸ್‌ಗೂ ಆ ಕಡಿಮೆ ದರ ಕೊಡಲು ಕಾನೂನಿನ ಅಡ್ಡಿಯಿಲ್ಲ. ಆದರೆ ಸಂಸಾರಸ್ಥರು ಆ ದರಕ್ಕೆ ಬರುವುದಿಲ್ಲವೆಂಬುದು ಕೌನ್ಸಿಲ್‌ಗಳಿಗೂ ತಿಳಿದಿರುವುದರಿಂದ, ಸಾಮಾನ್ಯವಾಗಿ ತಮ್ಮದೇ ವೇತನ ಶ್ರೇಣಿಯಲ್ಲಿ ಒಂದು ಮೆಟ್ಟಿಲನ್ನು ಇದಕ್ಕೆಂದು ಗೊತ್ತುಮಾಡುತ್ತವೆ, ಇಲ್ಲವೇ ಹಳೆಯ ಹುದ್ದೆಯ ಸಂಬಳವನ್ನೇ ಮುಂದುವರಿಸುತ್ತವೆ. ತರಬೇತಿ ಮತ್ತು ಮೌಲ್ಯಮಾಪನದ ವೆಚ್ಚದಲ್ಲಿ ಒಂದು ಪೌಂಡನ್ನೂ ಅಪ್ರೆಂಟಿಸ್‌ನಿಂದ ಕೇಳುವಂತಿಲ್ಲ, ಆತ ಮಧ್ಯದಲ್ಲಿ ಬಿಟ್ಟುಹೋದರೂ ವಸೂಲಿ ಮಾಡುವಂತಿಲ್ಲ ಎಂಬುದು ಅನುದಾನದ ನಿಯಮಗಳಲ್ಲೇ ಇದೆ. ಸಾಲದ ಭಯವಿಲ್ಲದ ಪದವಿ ಎಂಬ ಮಾತು ಆ ಮಟ್ಟಿಗೆ ನಿಜ.

ಇನ್ನು ತರಬೇತಿಯ ಒಳಗೆ ಹೋಗೋಣ. ಯಾವ ಮಾರ್ಗದಿಂದ ಬಂದರೂ ಸಮಾಜಕಾರ್ಯದ ವಿದ್ಯಾರ್ಥಿ 200 ದಿನಗಳ ಪ್ರಾಯೋಗಿಕ ಕಲಿಕೆ ಮುಗಿಸಬೇಕೆಂಬುದು ಸೋಷಿಯಲ್ ವರ್ಕ್ ಇಂಗ್ಲೆಂಡ್‌ನ ಷರತ್ತು. ಅದರಲ್ಲಿ ಗರಿಷ್ಠ 30 ದಿನಗಳನ್ನು ಕೌಶಲ ತರಗತಿಗಳಿಗೆ ಬಳಸಬಹುದು. ಉಳಿದ 170 ದಿನಗಳು ಕ್ಷೇತ್ರದಲ್ಲೇ ಕಳೆಯಬೇಕು. ಸಾಮಾನ್ಯವಾಗಿ ಇದನ್ನು 70 ಮತ್ತು 100 ದಿನಗಳ ಎರಡು ಪ್ಲೇಸ್‌ಮೆಂಟ್‌ಗಳಾಗಿ ಒಡೆಯುತ್ತಾರೆ. ಎರಡೂ ಒಂದಕ್ಕೊಂದು ಭಿನ್ನವಾದ ಸ್ಥಳಗಳಾಗಿರಬೇಕು ಮತ್ತು ಕನಿಷ್ಠ ಒಂದಾದರೂ ಶಾಸನಬದ್ಧ ಹೊಣೆಗಳಿರುವ ಕಡೆ ನಡೆಯಬೇಕು. ಮಕ್ಕಳ ರಕ್ಷಣೆ, ಮಾನಸಿಕ ಆರೋಗ್ಯ ಅಥವಾ 2014ರ ಕೇರ್ ಆ್ಯಕ್ಟ್ ಅಡಿಯ ವಯಸ್ಕರ ಆರೈಕೆಯಂಥ, ಕಾನೂನು ಕೌನ್ಸಿಲ್‌ಗೆ ಹೊರಿಸಿರುವ ಕೆಲಸ ಅದು.

ಈಗಾಗಲೇ ಹತ್ತು ವರ್ಷ ಇದೇ ಕೆಲಸದ ಅಂಚಿನಲ್ಲಿದ್ದವರಿಗೆ ಇಷ್ಟೊಂದು ದಿನಗಳ ಪ್ಲೇಸ್‌ಮೆಂಟ್ ಏಕೆ ಬೇಕು ಎಂಬ ಪ್ರಶ್ನೆ ಸಹಜ. ಉತ್ತರ ತಿಳಿಯಲು ಒಂದು ಮನೆಭೇಟಿಯನ್ನು ಹತ್ತಿರದಿಂದ ನೋಡಬೇಕು. ಮೊದಲು ಫ್ಯಾಮಿಲಿ ಸಪೋರ್ಟ್ ವರ್ಕರ್ ಆಗಿದ್ದ ಒಬ್ಬ ಅಪ್ರೆಂಟಿಸ್, ಎರಡನೇ ಪ್ಲೇಸ್‌ಮೆಂಟ್‌ನಲ್ಲಿ, ನೋಂದಾಯಿತ ಸಹೋದ್ಯೋಗಿಯೊಬ್ಬರ ಜೊತೆ ಒಂದು ಫ್ಲ್ಯಾಟಿಗೆ ಹೋಗುತ್ತಾಳೆ ಎಂದುಕೊಳ್ಳೋಣ. ಆರು ವರ್ಷದ ಹುಡುಗ ವಾರಗಟ್ಟಲೆ ಶಾಲೆಗೆ ಬಂದಿಲ್ಲವೆಂದು ಶಾಲೆಯವರು ತಿಳಿಸಿದ್ದಾರೆ. 1989ರ ಚಿಲ್ಡ್ರನ್ ಆ್ಯಕ್ಟ್‌ನ 17ನೇ ಕಲಮಿನಡಿ, ಅಂದರೆ ನೆರವಿನ ಅಗತ್ಯವಿರುವ ಮಗುವೇ ಎಂದು ತಿಳಿಯುವುದಕ್ಕಾಗಿ, ಮೌಲ್ಯಮಾಪನ ಶುರುವಾಗಿದೆ. ಅದನ್ನು 45 ಕೆಲಸದ ದಿನಗಳೊಳಗೆ ಮುಗಿಸಬೇಕು. ಹಳೆಯ ಹುದ್ದೆಯಲ್ಲಿದ್ದಿದ್ದರೆ ಆಕೆ ಮಾಡುತ್ತಿದ್ದುದೇನು? ಬಾಗಿಲ ಪಕ್ಕದ ಪ್ರೀಪೇಯ್ಡ್ ವಿದ್ಯುತ್ ಮೀಟರಿನಲ್ಲಿ ಹಣ ಮುಗಿದಿರುವುದನ್ನು ನೋಡಿ ಮೊದಲು ಅದರ ವ್ಯವಸ್ಥೆ ಮಾಡುತ್ತಿದ್ದಳು, ಫುಡ್ ಬ್ಯಾಂಕಿನ ಚೀಟಿ ಬರೆಸುತ್ತಿದ್ದಳು, ತಾಯಿಯ ಜೊತೆ ಚಹಾ ಕುಡಿದು ಧೈರ್ಯ ಹೇಳುತ್ತಿದ್ದಳು. ಅದು ಒಳ್ಳೆಯ ಕೆಲಸ, ಬೇಕಾದ ಕೆಲಸ. ಈಗ ಅವಳಿಂದ ನಿರೀಕ್ಷಿಸುವುದು ಬೇರೆ. ಹುಡುಗ ಮಲಗುವ ಕೋಣೆಯನ್ನು ನೋಡಬೇಕು, ಅವನ ಜೊತೆ ಒಬ್ಬಳೇ ಮಾತಾಡಬೇಕು, ತಾಯಿ ಹೇಳಿದ್ದಕ್ಕೂ ಕಂಡದ್ದಕ್ಕೂ ತಾಳೆಯಾಗುತ್ತಿದೆಯೇ ಎಂದು ತೂಗಬೇಕು. ನಾಳೆ ಇದೇ ತಾಯಿ ನ್ಯಾಯಾಲಯದಲ್ಲಿ ಎದುರು ಕೂತಾಗಲೂ ನಿಲ್ಲುವಂತೆ ಅದನ್ನು ಬರೆಯಬೇಕು.

ಕಚೇರಿಗೆ ಮರಳಿದ ಮೇಲೆ ಆಕೆ ದಾಖಲೆಯಲ್ಲಿ ‘ಮನೆ ಗಲೀಜಾಗಿತ್ತು, ತಾಯಿ ಸಹಕರಿಸಲಿಲ್ಲ’ ಎಂದು ಬರೆಯುತ್ತಾಳೆ. ಅವಳ ಪ್ರಾಕ್ಟೀಸ್ ಎಜುಕೇಟರ್, ಅಂದರೆ ಪ್ಲೇಸ್‌ಮೆಂಟ್‌ನಲ್ಲಿ ಕಲಿಸಿ ಅಂಕಕ್ಕೆ ಹೊಣೆಯಾಗುವ ನೋಂದಾಯಿತ ಸಮಾಜ ಕಾರ್ಯಕರ್ತೆ, ಅದನ್ನು ವಾಪಸು ಕಳಿಸುತ್ತಾರೆ. ಗಲೀಜು ಎಂದರೇನು? ಸಿಂಕಿನಲ್ಲಿ ಒಂದು ದಿನದ ಪಾತ್ರೆಗಳಿದ್ದವೇ, ಅಥವಾ ಬೂಸ್ಟು ಹಿಡಿದ ಊಟವೇ? ಗೋಡೆಯ ತೇವಕ್ಕೆ ತಾಯಿ ಕಾರಣವೋ, ಮನೆ ಮಾಲೀಕನೋ? ಹುಡುಗನ ಹಾಸಿಗೆಗೆ ಹೊದಿಕೆಯಿತ್ತೇ? ‘ಸಹಕರಿಸಲಿಲ್ಲ’ ಎಂಬುದು ನೀನು ಕಂಡದ್ದೋ, ನಿನಗೆ ಅನ್ನಿಸಿದ್ದೋ? ಹಿಂದೊಮ್ಮೆ ತನ್ನ ಮೊದಲ ಮಗುವನ್ನು ಕಳೆದುಕೊಂಡ ತಾಯಿ ಕೌನ್ಸಿಲ್‌ನವರನ್ನು ಕಂಡು ಬಾಯಿ ಮುಚ್ಚಿಕೊಂಡರೆ ಅದನ್ನು ಏನೆನ್ನಬೇಕು? ಯಾವ ಕಾನೂನಿನ ಬಲದಿಂದ ನೀನು ಆ ಕೋಣೆಯ ಬಾಗಿಲು ತೆಗೆಸಿದೆ, ಆಕೆ ಒಪ್ಪದಿದ್ದರೆ ನಿನಗೆ ಏನು ಅಧಿಕಾರವಿತ್ತು? ಈ ಪ್ರಶ್ನೆಗಳಿಗೆ ಗಂಟೆಗಟ್ಟಲೆ ಬೇಕು. ಅನುಭವ ತೀರ್ಮಾನವನ್ನು ಬೇಗ ಒದಗಿಸುತ್ತದೆ; ಆ ತೀರ್ಮಾನಕ್ಕೆ ಆಧಾರ ಕೇಳುವ ಅಭ್ಯಾಸವನ್ನು ಯಾರಾದರೂ ಎದುರು ಕೂತು ಕಲಿಸಬೇಕಾಗುತ್ತದೆ. ನನ್ನ ದೃಷ್ಟಿಯಲ್ಲಿ ಇಡೀ ಮೂರು ವರ್ಷದ ಶಿಕ್ಷಣದ ಸಾರ ಇಂಥ ವಾಪಸು ಬಂದ ದಾಖಲೆಗಳಲ್ಲಿದೆ.

ಆ ಗಂಟೆಗಳೇ ಅಪ್ರೆಂಟಿಸ್‌ಶಿಪ್‌ನಲ್ಲಿ ಮೊದಲು ಬಲಿಯಾಗುವುದು. ಆರಂಭದಲ್ಲಿ ನಿಯಮವಿದ್ದದ್ದು ಕೆಲಸದ ಸಮಯದ ಐದರಲ್ಲೊಂದು ಭಾಗವನ್ನು ಕಲಿಕೆಗೆ ಮೀಸಲಿಡಬೇಕು ಎಂದು. 2022ರಲ್ಲಿ ಅದನ್ನು ಪೂರ್ಣಾವಧಿಯ ನೌಕರರಿಗೆ ವಾರಕ್ಕೆ ಸರಾಸರಿ ಕನಿಷ್ಠ 6 ಗಂಟೆ ಎಂದು ಸರಳಗೊಳಿಸಲಾಯಿತು; 2025ರ ಆಗಸ್ಟ್‌ವರೆಗೆ ಅದೇ ನಿಯಮವಿತ್ತು. ಕನಿಷ್ಠ ಎಂದರೆ ಕನಿಷ್ಠ ಮಾತ್ರ; ಪದವಿ ಓದಿಗೆ ಅದು ಯಾವ ಮೂಲೆಗೂ ಸಾಲುತ್ತಿರಲಿಲ್ಲ. ಹೀಗಾಗಿ ವಿಶ್ವವಿದ್ಯಾಲಯಗಳು ಸಾಮಾನ್ಯವಾಗಿ ವಾರಕ್ಕೊಂದು ಪೂರ್ಣ ದಿನದ ತರಗತಿಯನ್ನು ಇಟ್ಟುಕೊಂಡು, ಪ್ಲೇಸ್‌ಮೆಂಟ್‌ಗಳನ್ನು ಬೇರೆಯಾಗಿ ಒಟ್ಟಾಗಿ ಮುಗಿಸುತ್ತವೆ. ಕಾಗದದಲ್ಲಿ ಇದು ಅಚ್ಚುಕಟ್ಟಾಗಿದೆ. ಆದರೆ ಮಂಗಳವಾರ ತರಗತಿಯಿರುವ ಅಪ್ರೆಂಟಿಸ್‌ಗೆ ಸೋಮವಾರ ಸಂಜೆ ಒಂದು ಕುಟುಂಬದ ಬಿಕ್ಕಟ್ಟು ಎದುರಾದರೆ, ಆ ಕುಟುಂಬ ಅವಳನ್ನೇ ನಂಬಿಕೊಂಡಿದ್ದರೆ, ತಂಡದಲ್ಲಿ ಇಬ್ಬರು ರಜೆಯಲ್ಲಿದ್ದರೆ ಏನಾಗುತ್ತದೆ? ಮ್ಯಾನೇಜರ್ ‘ನೀನು ಕ್ಲಾಸಿಗೆ ಹೋಗು’ ಎನ್ನಬೇಕು. ಹೆಚ್ಚಿನವರು ಹಾಗೆಯೇ ಅನ್ನುತ್ತಾರೆ. ಆದರೆ ಅದನ್ನು ಹೇಳಬೇಕಾದ ಸ್ಥಿತಿ ಪದೇ ಪದೇ ಬಂದರೆ ಅಪ್ರೆಂಟಿಸ್‌ಗೇ ಹೋಗಲು ಮುಜುಗರವಾಗತೊಡಗುತ್ತದೆ, ಪ್ರಬಂಧಗಳು ಮಕ್ಕಳು ಮಲಗಿದ ಮೇಲಿನ ರಾತ್ರಿಗೆ ಜರುಗುತ್ತವೆ. ವಿದ್ಯಾರ್ಥಿಯಾಗಿದ್ದವಳಿಗೆ ಹೀಗಾಗುತ್ತಿರಲಿಲ್ಲ, ತಂಡಕ್ಕೆ ಅವಳು ಹೊರಗಿನವಳಾಗಿರುತ್ತಿದ್ದಳು.

ಇದಕ್ಕಿಂತ ಸೂಕ್ಷ್ಮವಾದ ತೊಡಕೊಂದಿದೆ. ಸಹಾಯಕಿಯಾಗಿ ಹೆಸರು ಗಳಿಸಿದವಳು ತನ್ನ ಕಚೇರಿಯಲ್ಲೇ ಕಲಿಯುವವಳಾಗಿ ಕೂತರೆ, ಸಹೋದ್ಯೋಗಿಗಳ ಕಣ್ಣಿಗೆ ಆಕೆ ಇನ್ನೂ ಸಹಾಯಕಿಯೇ. ಮಗುವನ್ನು ತಂದೆಯ ಭೇಟಿಗೆ ಕರೆದೊಯ್ಯಲು ಯಾರೂ ಇಲ್ಲದಾಗ ಎಲ್ಲರೂ ತಿರುಗಿ ನೋಡುವುದು ಅವಳ ಕಡೆಗೆ. ಎರಡು ಭಿನ್ನ ಪ್ಲೇಸ್‌ಮೆಂಟ್‌ಗಳ ಷರತ್ತು ಇದಕ್ಕೊಂದು ತಡೆ. ಅದಕ್ಕಾಗಿ ಕೌನ್ಸಿಲ್‌ಗಳು ಅಪ್ರೆಂಟಿಸ್‌ಗಳನ್ನು ಬೇರೆ ವಿಭಾಗಕ್ಕೋ, ಸ್ವಯಂಸೇವಾ ಸಂಸ್ಥೆಗೋ, ಆಸ್ಪತ್ರೆಗೋ ಕಳಿಸುತ್ತವೆ. ಆದರೆ ಹಾಗೆ ಕಳಿಸಿದ ಅಷ್ಟೂ ತಿಂಗಳು ಸಂಬಳ ಕೊಡುವ ತಂಡಕ್ಕೆ ಒಬ್ಬಾಳು ಕಡಿಮೆ. ಲೆವಿ ಆ ಖಾಲಿ ಜಾಗವನ್ನು ತುಂಬುವುದಿಲ್ಲ. ಇದರ ಜೊತೆಗೆ ಪ್ರಾಕ್ಟೀಸ್ ಎಜುಕೇಟರ್‌ಗಳ ಅಭಾವ. ಅಂತಿಮ ಪ್ಲೇಸ್‌ಮೆಂಟ್‌ನ ಮೌಲ್ಯಮಾಪನ ಮಾಡಲು ಎರಡನೇ ಹಂತದ ಅರ್ಹತೆ ಪಡೆದವರೇ ಬೇಕು. ಅವರು ಸಾಮಾನ್ಯವಾಗಿ ತಮ್ಮ ಪಾಲಿನ ಕುಟುಂಬಗಳನ್ನು ನೋಡಿಕೊಳ್ಳುತ್ತಲೇ ಈ ಕೆಲಸವನ್ನೂ ಹೊರುವ ಅನುಭವಿಗಳು. ಒಂದು ವಿಶ್ವವಿದ್ಯಾಲಯದ ಸಾಮಾನ್ಯ ವಿದ್ಯಾರ್ಥಿಗಳೂ, ವೇಗದ ತರಬೇತಿಯವರೂ, ಅಪ್ರೆಂಟಿಸ್‌ಗಳೂ ಬಂದು ನಿಲ್ಲುವುದು ಇದೇ ಸಣ್ಣ ಗುಂಪಿನ ಮುಂದೆ. ಇನ್ನೂ ಒಂದು ಮಾತು: ಪ್ಲೇಸ್‌ಮೆಂಟ್‌ನಲ್ಲಿ ವಿದ್ಯಾರ್ಥಿಯನ್ನು ಅನುತ್ತೀರ್ಣಗೊಳಿಸುವುದೇ ಪ್ರಾಕ್ಟೀಸ್ ಎಜುಕೇಟರ್‌ಗೆ ಕಷ್ಟದ ನಿರ್ಧಾರ, ಅದೇ ಕಟ್ಟಡದಲ್ಲಿ ಹತ್ತು ವರ್ಷ ಜೊತೆಗಿದ್ದ, ಕೌನ್ಸಿಲ್ ಹಣ ಹೂಡಿರುವ ಸಹೋದ್ಯೋಗಿಯನ್ನು ಅನುತ್ತೀರ್ಣಗೊಳಿಸುವುದು ಎಷ್ಟು ಕಷ್ಟವೆಂಬುದನ್ನು ಹೇಳಬೇಕಿಲ್ಲ.

ಉದ್ಯೋಗದಾತನೇ ಕಲಿಸಿದರೆ ಕಲಿಕೆ ಅವನ ಅಗತ್ಯದ ಅಳತೆಗೆ ಕುಗ್ಗುತ್ತದೆ ಎಂಬ ಆತಂಕ ಹೊಸದಲ್ಲ. 2014ರಲ್ಲಿ, ಒಂದೇ ವರ್ಷ, ಸಮಾಜಕಾರ್ಯ ಶಿಕ್ಷಣದ ಬಗ್ಗೆ ಸರ್ಕಾರ ಬರೆಸಿದ ಎರಡು ವರದಿಗಳು ಈ ವಿಷಯದಲ್ಲಿ ವಿರುದ್ಧ ದಿಕ್ಕಿಗೆ ಎಳೆದಿದ್ದವು. ಮಾರ್ಟಿನ್ ನೇರಿ ಅವರದ್ದು ಮಕ್ಕಳ ಕ್ಷೇತ್ರಕ್ಕೆ ಹೋಗುವವರಿಗೆ ಪದವಿಯಲ್ಲೇ ಆ ಕ್ಷೇತ್ರದ ಪರಿಣತಿಗೆ ಒತ್ತು ಸಿಗಬೇಕೆಂದರೆ, ಡೇವಿಡ್ ಕ್ರಾಯ್ಸ್‌ಡೇಲ್-ಆಪಲ್‌ಬಿ ಅವರದ್ದು ಎಲ್ಲ ಕ್ಷೇತ್ರಗಳಿಗೂ ಸಲ್ಲುವ ಸಾಮಾನ್ಯ ಶಿಕ್ಷಣವನ್ನು ಸಮರ್ಥಿಸಿತು. ಆಸುಪಾಸಿನ ವರ್ಷಗಳಲ್ಲಿ ‘ಸ್ಟೆಪ್ ಅಪ್’, ‘ಫ್ರಂಟ್‌ಲೈನ್’, ‘ಥಿಂಕ್ ಅಹೆಡ್’ ಮುಂತಾದ ವೇಗದ ಮಾರ್ಗಗಳು ಬೆಳೆದವು. ಅವೆಲ್ಲ ಈಗಾಗಲೇ ಪದವಿಯಿದ್ದವರಿಗೆ, ಮತ್ತು ಪ್ರತಿಯೊಂದೂ ಮಕ್ಕಳು ಇಲ್ಲವೇ ಮಾನಸಿಕ ಆರೋಗ್ಯ ಎಂಬ ಒಂದೊಂದು ಕ್ಷೇತ್ರವನ್ನು ಮುಂದಿಟ್ಟುಕೊಂಡವು. ಅಪ್ರೆಂಟಿಸ್‌ಶಿಪ್ ಪದವಿಯಿಲ್ಲದವರಿಗೆ ತೆರೆದಿದ್ದರೂ ನೋಂದಣಿಯ ದೃಷ್ಟಿಯಿಂದ ಸಾಮಾನ್ಯ ಶಿಕ್ಷಣವಾಗಿಯೇ ಉಳಿದಿದೆ. ಇದು ಸರಿಯಾದ ಆಯ್ಕೆ. ಮಕ್ಕಳ ವಿಭಾಗದಲ್ಲಿ ಕೆಲಸ ಮಾಡುವವಳಿಗೆ ಎದುರಾಗುವ ತಾಯಿಯ ಖಿನ್ನತೆ, ಅಜ್ಜನ ಮರೆಗುಳಿತನ, ಅಣ್ಣನ ಕುಡಿತ ಇವೆಲ್ಲ ಬೇರೆ ವಿಭಾಗಗಳಿಗೆ ಸೇರಿದವು ಎಂದು ಕಾನೂನು ವಿಂಗಡಿಸಬಹುದು, ಆ ಮನೆಯಲ್ಲಿ ಅವು ವಿಂಗಡಣೆಯಾಗಿರುವುದಿಲ್ಲ.

ಕೊರತೆಯನ್ನು ನೀಗಿಸುವ ಭರವಸೆಯಿಂದ ಹುಟ್ಟಿದ ಯೋಜನೆಯನ್ನು ಆ ಮಾನದಂಡದಿಂದಲೂ ಅಳೆಯಬೇಕಲ್ಲವೇ? 2022ರ ಸೆಪ್ಟೆಂಬರ್ ಕೊನೆಗೆ ಇಂಗ್ಲೆಂಡಿನ ಕೌನ್ಸಿಲ್‌ಗಳ ಮಕ್ಕಳ ಮತ್ತು ಕುಟುಂಬ ವಿಭಾಗಗಳಲ್ಲಿ 7,900 ಹುದ್ದೆಗಳು, ಅಂದರೆ ಐದರಲ್ಲೊಂದು, ಖಾಲಿಯಿದ್ದವು. ಅವನ್ನು ಬಹುಮಟ್ಟಿಗೆ ತುಂಬಿದ್ದವರು ಏಜೆನ್ಸಿಗಳ ಮೂಲಕ ತಾತ್ಕಾಲಿಕವಾಗಿ ಬಂದ, ದುಬಾರಿ ದರದ ಸುಮಾರು 6,800 ಕಾರ್ಯಕರ್ತರು. ಮುಂದಿನ ವರ್ಷಗಳಲ್ಲಿ ಆ ಪ್ರಮಾಣ ಒಂದಷ್ಟು ಇಳಿದಿದೆ. ಆದರೆ ಈ ಹುದ್ದೆಗಳು ಖಾಲಿಯಾಗುವುದು ಹೊಸಬರು ಬರದೇ ಇರುವುದಕ್ಕಿಂತ ಹೆಚ್ಚಾಗಿ ಬಂದವರು ನಿಲ್ಲದೇ ಇರುವುದರಿಂದ. ಹೊಸದಾಗಿ ಅರ್ಹತೆ ಪಡೆದವರಿಗೆ ಕೆಲಸದ ಹೊರೆ ತಗ್ಗಿಸಿ, ಮೇಲ್ವಿಚಾರಣೆ ಹೆಚ್ಚಿಸುವ ಮೊದಲ ವರ್ಷದ ಬೆಂಬಲ ಯೋಜನೆ 2012ರಿಂದಲೇ ಇದ್ದರೂ, ಎರಡನೇ ಮೂರನೇ ವರ್ಷಕ್ಕೆ ಬಹಳ ಮಂದಿ ಏಜೆನ್ಸಿಗೋ ಬೇರೆ ವೃತ್ತಿಗೋ ಹೊರಟುಹೋಗುತ್ತಿದ್ದರು. ಇದನ್ನು ಅರಿತೇ 2024ರ ಅಕ್ಟೋಬರ್‌ನಲ್ಲಿ ಸರ್ಕಾರ ಏಜೆನ್ಸಿ ಕಾರ್ಯಕರ್ತರ ಬಳಕೆಯ ಮೇಲೆ ನಿಯಮ ತಂದಿತು. ಅರ್ಹತೆ ಪಡೆದ ನಂತರ ಕನಿಷ್ಠ ಮೂರು ವರ್ಷ ಕೌನ್ಸಿಲ್‌ನ ಮಕ್ಕಳ ವಿಭಾಗದ ನೇರ ನೌಕರಿಯಲ್ಲಿದ್ದವರು ಮಾತ್ರ ಮಕ್ಕಳ ವಿಭಾಗಕ್ಕೆ ಏಜೆನ್ಸಿ ಮೂಲಕ ಬರಬೇಕೆಂಬುದು ಅದರಲ್ಲೊಂದು. ಅಪ್ರೆಂಟಿಸ್‌ಶಿಪ್‌ನ ನಿಜವಾದ ಬಲ ಇರುವುದು ಇಲ್ಲಿ: ಊರಿನಲ್ಲೇ ಮನೆಮಠವಿರುವ, ಕೆಲಸದ ಬಿಸಿ ಮೊದಲೇ ಕಂಡಿರುವ ಮಧ್ಯವಯಸ್ಕೆ ಎರಡೇ ವರ್ಷಕ್ಕೆ ಗಂಟುಮೂಟೆ ಕಟ್ಟುವ ಸಾಧ್ಯತೆ ಕಡಿಮೆ. ಆದರೆ ಅವಳನ್ನು ತಯಾರಿಸಲು ಮೂರು ವರ್ಷ ಹಿಡಿಯುತ್ತದೆ, ಅವಳು ಬಿಟ್ಟುಬಂದ ಸಹಾಯಕಿಯ ಹುದ್ದೆಯೂ ಆಗ ಖಾಲಿಯಾಗುತ್ತದೆ ಎಂಬುದನ್ನು ಲೆಕ್ಕಕ್ಕೆ ಹಿಡಿಯಬೇಕು.

ಲೆವಿಯ ನಿಯಮಗಳೂ ನಿಂತ ನೀರಲ್ಲ. 2025ರಲ್ಲಿ ಬ್ರಿಟಿಷ್ ಸರ್ಕಾರ ಸ್ನಾತಕೋತ್ತರ ಮಟ್ಟದ, ಅಂದರೆ ಏಳನೇ ಹಂತದ ಅಪ್ರೆಂಟಿಸ್‌ಶಿಪ್‌ಗಳಿಗೆ 2026ರ ಜನವರಿಯಿಂದ ಬಹುಮಟ್ಟಿಗೆ 21 ವರ್ಷದವರೆಗಿನವರಿಗೆ ಮಾತ್ರ ಅನುದಾನ ಎಂದು ಘೋಷಿಸಿತು. ಸಮಾಜಕಾರ್ಯದ್ದು ಆರನೇ ಹಂತವಾದ್ದರಿಂದ ಅದಕ್ಕೆ ಈ ಕತ್ತರಿ ತಾಗಲಿಲ್ಲ. ಆದರೆ ಹಣವನ್ನು ಕಿರಿಯರ ಕಡೆಗೆ ತಿರುಗಿಸಬೇಕೆಂಬ ಆಲೋಚನೆ ಒಂದು ಹಂತ ಕೆಳಗಿಳಿದರೆ ಮೊದಲು ಏಟು ಬೀಳುವುದು ಈ ಯೋಜನೆಗೆ, ಏಕೆಂದರೆ ಇದರ ಜೀವಾಳವೇ ಮೂವತ್ತು ದಾಟಿದವರು.

ಇಂಗ್ಲೆಂಡಿನಲ್ಲಿ ನೆಲೆಸಿರುವ ಕನ್ನಡಿಗರಲ್ಲಿ, ಅದರಲ್ಲೂ ಐಟಿ ಅಥವಾ ವೈದ್ಯಕೀಯ ಕೆಲಸಕ್ಕೆಂದು ಹೋದವರ ಸಂಗಾತಿಗಳಲ್ಲಿ, ಕೌನ್ಸಿಲ್‌ಗಳಲ್ಲಿಯೋ ಆರೈಕೆ ಸಂಸ್ಥೆಗಳಲ್ಲಿಯೋ ಕೆಲಸಕ್ಕೆ ಸೇರಿದವರಿದ್ದಾರೆ. ಅಂಥವರು ಈ ಮಾರ್ಗವನ್ನು ಯೋಚಿಸುವುದಾದರೆ ಕೆಲವು ಸಂಗತಿ ತಿಳಿದಿರಬೇಕು. ಬ್ರಿಟಿಷ್ ಪೌರತ್ವವಿಲ್ಲದವರು ಅನುದಾನಕ್ಕೆ ಅರ್ಹರಾಗಲು ಸಾಮಾನ್ಯವಾಗಿ ಹಿಂದಿನ ಮೂರು ವರ್ಷ ಓದಿಗಾಗಿ ಅಲ್ಲದೆ ಅಲ್ಲಿ ನೆಲೆಸಿರಬೇಕು, ದುಡಿಯುವ ಹಕ್ಕಿರಬೇಕು, ವೀಸಾ ಅವಧಿಯೊಳಗೆ ಅಪ್ರೆಂಟಿಸ್‌ಶಿಪ್ ಮುಗಿಸುವಂತಿರಬೇಕು. ಕರ್ನಾಟಕದ ಎಂಎಸ್‌ಡಬ್ಲ್ಯು, ಅಂದರೆ ಸಮಾಜಕಾರ್ಯದ ಸ್ನಾತಕೋತ್ತರ ಪದವಿ ಈಗಾಗಲೇ ಇದ್ದರೆ ವಿಷಯವೇ ಬೇರೆ. ಅಪ್ರೆಂಟಿಸ್‌ಶಿಪ್ ಗಣನೀಯವಾಗಿ ಹೊಸದನ್ನು ಕಲಿಸಬೇಕೆಂಬ ಷರತ್ತಿರುವುದರಿಂದ, ಅಂಥವರು ಅದಕ್ಕಿಂತ ಮೊದಲು ವಿದೇಶಿ ಅರ್ಹತೆಯ ಆಧಾರದ ಮೇಲೆ ಸೋಷಿಯಲ್ ವರ್ಕ್ ಇಂಗ್ಲೆಂಡ್‌ಗೆ ನೇರವಾಗಿ ನೋಂದಣಿಗೆ ಅರ್ಜಿ ಹಾಕುವುದು ಸೂಕ್ತ. ಅದಕ್ಕೆ ಪಠ್ಯಕ್ರಮದ ವಿವರ ಮತ್ತು ಕ್ಷೇತ್ರಕಾರ್ಯದ ದಾಖಲೆಯನ್ನು ಓದಿದ ಕಾಲೇಜಿನಿಂದ ತರಿಸಬೇಕಾಗುತ್ತದೆ. ವಾರಕ್ಕೆರಡು ದಿನ ಕ್ಷೇತ್ರಕಾರ್ಯಕ್ಕೆ ಹೋದ ಪುಸ್ತಕವನ್ನು ಯಾರೂ ಎಸೆಯದೆ ಇಟ್ಟುಕೊಂಡಿದ್ದರೆ ಅದು ಇಲ್ಲಿ ಕೆಲಸಕ್ಕೆ ಬರುತ್ತದೆ.

ಭಾರತದಲ್ಲಿ ಇಂಥದ್ದೊಂದು ಆಗಬಾರದೇಕೆ ಎಂಬ ಪ್ರಶ್ನೆ ನಮ್ಮಲ್ಲಿನ ಸಮಾಜಕಾರ್ಯ ವಿಭಾಗಗಳಲ್ಲಿ ಏಳುವುದು ಸಹಜ. ಅಪ್ರೆಂಟಿಸ್‌ಶಿಪ್ ಸೇರಿಸಿದ ಪದವಿಗಳಿಗೆ ಯುಜಿಸಿ 2020ರಲ್ಲೇ ಮಾರ್ಗಸೂಚಿ ಕೊಟ್ಟಿದೆ, ಆದ್ದರಿಂದ ಕಾಲೇಜಿನ ಕಡೆಯ ದಾರಿ ಮುಚ್ಚಿಲ್ಲ. ಇಲ್ಲದಿರುವುದು ಇನ್ನೊಂದು ಬದಿ. ಇಂಗ್ಲೆಂಡಿನಲ್ಲಿ ಕಲಿಸುವ ಕೌನ್ಸಿಲ್ಲೇ ಕಾಯಂ ಹುದ್ದೆ ಕೊಡುವ ಸಂಸ್ಥೆ. ನಮ್ಮಲ್ಲಿ ಅದಕ್ಕೆ ಹೋಲಿಸಬಹುದಾದ ಜಿಲ್ಲಾ ಮಕ್ಕಳ ರಕ್ಷಣಾ ಘಟಕದ ಸಿಬ್ಬಂದಿ ಬಹುತೇಕ ಗುತ್ತಿಗೆಯವರು; ತಾವೇ ಮುಂದಿನ ವರ್ಷ ಇರುತ್ತೇವೋ ಇಲ್ಲವೋ ಎಂಬ ಸ್ಥಿತಿಯಲ್ಲಿರುವವರು ಮೂರು ವರ್ಷ ಇನ್ನೊಬ್ಬರನ್ನು ತಯಾರಿಸುವುದು ಕಷ್ಟ. ಕಾನೂನಿನ ನೆಲೆಯೂ ಬೇರೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಮನೋವೈದ್ಯಕೀಯ ಸಮಾಜ ಕಾರ್ಯಕರ್ತರಿಗೆ ಸ್ನಾತಕೋತ್ತರ ಪದವಿ ಮತ್ತು ಎಂಫಿಲ್ ಬೇಕೆಂದು ಸ್ಪಷ್ಟವಾಗಿ ಹೇಳುತ್ತದೆ, 2021ರ ಅಲೈಡ್ ಆರೋಗ್ಯ ವೃತ್ತಿಗಳ ಕಾಯ್ದೆಯ ಪಟ್ಟಿಯಲ್ಲಿ ವೈದ್ಯಕೀಯ ಸಮಾಜ ಕಾರ್ಯಕರ್ತರೂ ಸೇರಿದ್ದಾರೆ. ಆದರೆ ಆಸ್ಪತ್ರೆಯ ಹೊರಗೆ ಬಂದೊಡನೆ ಆ ಬೇಲಿ ಇಲ್ಲ. 2015ರ ಬಾಲನ್ಯಾಯ ಕಾಯ್ದೆಯಡಿ ಬಾಲನ್ಯಾಯ ಮಂಡಳಿಯಲ್ಲಿ ಮ್ಯಾಜಿಸ್ಟ್ರೇಟರ ಪಕ್ಕ ಕೂರುವ ಇಬ್ಬರು ಸಮಾಜ ಕಾರ್ಯಕರ್ತರಿಗೆ ಬೇಕಾದದ್ದು ಮಕ್ಕಳ ಆರೋಗ್ಯ, ಶಿಕ್ಷಣ ಅಥವಾ ಕಲ್ಯಾಣದ ಕೆಲಸದಲ್ಲಿ ಏಳು ವರ್ಷದ ಅನುಭವ, ಇಲ್ಲವೇ ಮಕ್ಕಳ ಮನಶ್ಶಾಸ್ತ್ರ, ಮನೋವೈದ್ಯಶಾಸ್ತ್ರ, ಸಮಾಜಶಾಸ್ತ್ರ ಅಥವಾ ಕಾನೂನಿನ ಪದವಿಯೊಂದಿಗೆ ವೃತ್ತಿನಿರತರಾಗಿರುವುದು. ಸಮಾಜಕಾರ್ಯದ ಪದವಿ ಆ ಸಾಲಿನಲ್ಲೇ ಇಲ್ಲ.